ಕದಲದ ಪುಸ್ತಕಗಳು

ಸೋಮವಾರ ಲೈಬ್ರರಿ ಪೀರಿಯಡ್ಡಿನಲ್ಲಿ ಸ್ಮೃತಿಯ ಕೈಗೆ ಮತ್ತೆ ಕನ್ನಡ ಪುಸ್ತಕವೇ ಬಂತು. ಇದು ಐದನೆಯ ವಾರ. ಅವಳು ಕೇಳಿದ್ದು ಪೆಂಗ್ವಿನ್‌ಗಳ ಪುಸ್ತಕ. ಅದು ಮೇಜಿನ ಮೇಲೆ ಕಣ್ಣೆದುರಿಗೇ ಇತ್ತು. ವಾರಕ್ಕೆ ಒಬ್ಬರಿಗೆ ಒಂದೇ ಪುಸ್ತಕ, ನಿನ್ನ ಹೆಸರಿಗೆ ಮನೆಯಿಂದಲೇ ಇದನ್ನು ಕಾದಿರಿಸಿದ್ದಾರಲ್ಲ ಎಂದು ಲೈಬ್ರರಿಯ ಶ್ಯಾಮಲಮ್ಮ ಮಿಸ್ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿ ತೋರಿಸಿದರು. ಹೊಸೂರಿನ ಆ ಶಾಲೆಯ ಐದನೆಯ ತರಗತಿಯಲ್ಲಿ ಕಲಿಸುತ್ತಿದ್ದದ್ದು ಇಂಗ್ಲಿಷ್ ಮತ್ತು ತಮಿಳು. ಕನ್ನಡ ಸ್ಮೃತಿಯ ಬಾಯಲ್ಲಿತ್ತು, ಕಣ್ಣಿಗೆ ಇನ್ನೂ ಬಂದಿರಲಿಲ್ಲ.

ಸಂಜೆ ಮೊದಲ ಶಿಫ್ಟು ಮುಗಿಸಿ ಬಂದ ಅಪ್ಪ ಮಧುಸೂದನನ ಕಾಫಿ ಲೋಟದ ಪಕ್ಕಕ್ಕೆ ಆ ಪುಸ್ತಕವನ್ನು ಕುಕ್ಕಿ, ಅವಳು ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. 2008ರ ಜೂನಿನಲ್ಲಿ ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಲೈಬ್ರರಿಯ ಪಟ್ಟಿಯನ್ನು ಇಂಟರ್ನೆಟ್ಟಿಗೆ ಹಾಕಿ, ಮಕ್ಕಳಿಗೆ ಬೇಕಾದ ಪುಸ್ತಕವನ್ನು ನೀವೇ ನೋಡಿ ಕಾದಿರಿಸಿ ಎಂದು ತಂದೆತಾಯಂದಿರಿಗೆಲ್ಲ ಒಂದೊಂದು ಪಾಸ್‌ವರ್ಡ್ ಕೊಟ್ಟಿದ್ದರು. ಅಂದಿನಿಂದ ಮಧುಸೂದನ ಪ್ರತಿ ಭಾನುವಾರ ಬಾಗಲೂರು ರಸ್ತೆಯ ಬ್ರೌಸಿಂಗ್ ಸೆಂಟರಿಗೆ ಹೋಗುತ್ತಿದ್ದ. ಮಗಳಿಗಾಗಿ ಎಷ್ಟು ಮುತುವರ್ಜಿ ಎಂದು ಹೆಂಡತಿ ಸಹನಾ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ಅವಳೂ ಒಳಗಿನಿಂದ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

ಮಧುಸೂದನ ತಡವರಿಸುತ್ತ ಒಪ್ಪಿಕೊಂಡ. ಕೋಲಾರದ ಕಡೆಯಿಂದ ಬಂದು ಹನ್ನೊಂದು ವರ್ಷದಿಂದ ಇಲ್ಲಿನ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ ಮಾಡುತ್ತಿದ್ದವನು ಅವನು. ಅಲ್ಲಿ ಯಾವ ಸಾಮಾನು ವರ್ಷವಿಡೀ ಕದಲುವುದಿಲ್ಲವೋ ಅದರ ಕಾರ್ಡಿಗೆ ಕೆಂಪು ಗುರುತು ಬೀಳುತ್ತದೆ. ಮಾರ್ಚ್ ಬಂದರೆ ಅದು ಗುಜರಿ ಲಾರಿ ಹತ್ತುತ್ತದೆ. ಶಾಲೆಯ ಪಟ್ಟಿಯಲ್ಲೂ ಪ್ರತಿ ಪುಸ್ತಕದ ಮುಂದೆ ಅದು ಎಷ್ಟು ಸಲ ಹೊರಗೆ ಹೋಗಿದೆ ಎಂಬ ಅಂಕಿ ಇತ್ತು. ಕನ್ನಡದ ಮೂವತ್ತೆಂಟು ಪುಸ್ತಕಗಳ ಮುಂದೆಯೂ ಸೊನ್ನೆ. ಹಿಂದೆ ಆ ಶಾಲೆಯಲ್ಲಿ ಕನ್ನಡ ತರಗತಿ ಇತ್ತಂತೆ. ಅದು ಮುಚ್ಚುವ ವರ್ಷ ಈ ಪುಸ್ತಕಗಳನ್ನು ತರಿಸಿದ್ದರಂತೆ. ಸಾಲಾಗಿ ನಿಂತ ಆ ಸೊನ್ನೆಗಳನ್ನು ನೋಡಿ ಅವನಿಗೆ ಸುಮ್ಮನಿರಲಾಗಲಿಲ್ಲ. ವಾರಕ್ಕೊಂದರಂತೆ ಮಗಳ ಹೆಸರಿನಲ್ಲಿ ಹೊರಗೆ ತರಿಸಿ, ಸೊನ್ನೆಯನ್ನು ಒಂದು ಮಾಡುತ್ತಿದ್ದ.

"ಎಸ್ದುಬುಡ್ತೀವಿ ಅಂತ ಸ್ಕೂಲಿನೋರು ಹೇಳಿದ್ರಾ?" ಸಹನಾ ಕೇಳಿದಳು.

"ಅವ್ರು ಯಾಕೆ ಹೇಳ್ತಾರೆ? ನಮ್ ಸ್ಟೋರ್ಸಲ್ಲಿ ಬೇರಿಂಗಿಗೆ ಹೇಳಿ ಲಾರಿಗೆ ಹಾಕ್ತಾರಾ?"

ಅವಳಿಗೆ ನಗು ಬಂತು, ಸೆರಗಿನಲ್ಲಿ ಮುಚ್ಚಿಕೊಂಡಳು. "ಮಗೂನ ಅಳಿಸ್ಬುಟ್ಟು ಪುಸ್ತಕ ಉಳಿಸೋ ಪುಣ್ಯಾತ್ಮರು ನೀವೇ. ಅದಿರ್ಲಿ, ಈ ಐದರಾಗೆ ನೀವು ಎಷ್ಟು ಓದಿದ್ರಿ?"

ಮಧುಸೂದನ ಒಂದನ್ನೂ ಬಿಡಿಸಿರಲಿಲ್ಲ. ಬಂದ ಪುಸ್ತಕ ಒಂದು ವಾರ ಟೀವಿಯ ಮೇಲಿದ್ದು ಹಾಗೇ ಹಿಂದಕ್ಕೆ ಹೋಗುತ್ತಿತ್ತು. ಗೋಡೆಯ ಕಡೆಯಿಂದ ಸಣ್ಣ ದನಿ ಬಂತು: ಪೆಂಗ್ವಿನ್ ಪುಸ್ತಕವನ್ನು ಬೇರೆಯವರು ತಗೊಂಡು ಹೋದರು, ಇನ್ನು ಅದು ಯಾವಾಗ ಬರುತ್ತದೋ.

"ತಪ್ಪಾಯ್ತು ಕಣಮ್ಮಣ್ಣಿ," ಎಂದ ಅಪ್ಪ. "ಈ ಭಾನುವಾರ ನೀನೇ ನನ್ ಜೊತೆ ಬಾ. ಕಂಪ್ಯೂಟರಲ್ಲಿ ನೀನ್ ತೋರ್ಸಿದ್ದನ್ನೇ ಒತ್ತುತೀನಿ."

ಸ್ಮೃತಿ ಇತ್ತ ತಿರುಗಲಿಲ್ಲ. ಮತ್ತೇನು ಮಾಡಬೇಕೋ ತೋಚದೆ ಅವನು ಪುಸ್ತಕ ಬಿಡಿಸಿ ಗಟ್ಟಿಯಾಗಿ ಓದತೊಡಗಿದ. ವರ್ಷಗಳಿಂದ ಸಾಮಾನಿನ ನಂಬರುಗಳನ್ನಷ್ಟೇ ಓದಿದ ನಾಲಗೆ ಒತ್ತಕ್ಷರಗಳಲ್ಲಿ ಎಡವಿತು. ಒಂದೂರಿನಲ್ಲಿ ಒಂದು ಬತ್ತಿದ ಬಾವಿ. ಬೆಳದಿಂಗಳಿದ್ದ ದಿನ ಅದರ ತಳದಲ್ಲಿ ಯಾರೋ ರಾಗಿ ಬೀಸುವ ಸದ್ದು. ಊರಿನವರೆಲ್ಲ ಕಿವಿ ಮುಚ್ಚಿಕೊಂಡು ಮಲಗಿದರೆ, ಕುಂಬಾರರ ಹುಡುಗಿ ಒಬ್ಬಳೇ ಹಗ್ಗ ಕಟ್ಟಿ ಇಳಿದಳು. ನಾಲಗೆ ದಾರಿ ಹಿಡಿಯಿತು. ಸಹನಾ ಕುಕ್ಕರಿನ ಕೆಳಗೆ ಉರಿ ಸಣ್ಣ ಮಾಡಿದಳು. ಹುಡುಗಿಯ ಕಾಲು ತಳ ಮುಟ್ಟಿತು. ಬೀಸುವ ಸದ್ದು ತಟಕ್ಕನೆ ನಿಂತಿತು. ಕತ್ತಲೊಳಗಿಂದ ಯಾರೋ ಅವಳ ಹೆಸರು ಹಿಡಿದು ಕರೆದು—

ಅಪ್ಪ ಹಾಳೆ ಮಗುಚಿದ. ಒಂಬತ್ತನೆಯ ಪುಟದ ಹಿಂದೆ ಹನ್ನೆರಡು. ನಡುವಿನ ಎರಡು ಪುಟ ಒಳಗೇ ಉಳಿದಿದ್ದವು. ಅಚ್ಚಿನಮನೆಯಲ್ಲಿ ಕತ್ತರಿಸದೆ ಬಿಟ್ಟ ಹಾಳೆಯ ಅಂಚು ಮಡಿಕೆಯಾಗಿಯೇ ಇತ್ತು. ಅವನು ಮಡಿಕೆಯನ್ನು ಚೂರು ಅಗಲಿಸಿ ಒಂದು ಕಣ್ಣಿಟ್ಟು ನೋಡಿದ, ಕಾಣಲಿಲ್ಲ. ಸ್ಕೂಲಿನ ಸಾಮಾನು, ಕೇಳದೆ ಕುಯ್ಯಬಾರದು, ಮುಂದಿನ ಸೋಮವಾರ ಮಿಸ್ಸನ್ನು ಕೇಳೋಣ ಎಂದು ಪುಸ್ತಕ ಮುಚ್ಚಲು ಹೋದ.

ಮುಚ್ಚಲಾಗಲಿಲ್ಲ. ಪುಟಗಳ ನಡುವೆ ಒಂದು ಪುಟ್ಟ ಕೈ ಅಡ್ಡ ಬಂದಿತ್ತು.

"ಅಲ್ಲಾಡ್ಸಬೇಡ, ಗಟ್ಟಿಯಾಗಿ ಹಿಡ್ಕೋ ಅಪ್ಪ," ಎನ್ನುತ್ತ ಸ್ಮೃತಿ ಉಸಿರು ಬಿಗಿಹಿಡಿದು ಸ್ಟೀಲ್ ಸ್ಕೇಲನ್ನು ಮಡಿಕೆಯೊಳಗೆ ತೂರಿಸಿದಳು.