ಹಿತ್ತಾಳೆ ಪಟ್ಟಿಯ ಅಕ್ಷರಗಳು

ಹುಣಸೆಹಣ್ಣು ಕಿವುಚುವಾಗ ಆ ಹುಳಿ ವಾಸನೆಗೆ ಈಗಲೂ ನನ್ನ ಕೈ ನಿಂತುಬಿಡುತ್ತದೆ.

ಮುಳಬಾಗಿಲಿನ ನಮ್ಮ ಮನೆಯಲ್ಲಿ ತಾತನ ಹತ್ತಿರ ಗುಂಡು ಹಾರದ ಹಳೇ ರಿವಾಲ್ವರೊಂದಿತ್ತು. ಅದರ ಹಿಡಿಯ ಹಿತ್ತಾಳೆ ಪಟ್ಟಿಯ ಮೇಲೆ ಸವೆದ ಇಂಗ್ಲಿಷ್ ಅಕ್ಷರಗಳಿದ್ದವು. ಅದನ್ನು ಮಾಡಿದವರು ಯಾರೆಂದು ಕಂಡುಹಿಡಿಯುವ ಹುಚ್ಚು ತಾತನಿಗೆ. ಮನೆಯಲ್ಲಿ ಬೇರೆ ಯಾರಿಗೂ ಅದು ಬೇಕಿರಲಿಲ್ಲ. ದಿನಾ ಮಧ್ಯಾಹ್ನ ನಾನು ಭೂತಗನ್ನಡಿ ಹಿಡಿದು ಓದುತ್ತಿದ್ದೆ, ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ನಾಲ್ಕು ಅಕ್ಷರ ಸಿಕ್ಕಿದ್ದವು.

ಆಯುಧಪೂಜೆಯ ದಿನ ಅಮ್ಮ ನನಗೆ ದೀಪ, ಚೊಂಬು ಬೆಳಗಲು ಕೊಟ್ಟಳು. ತಾತ ಮಲಗಿದ್ದರು. ಪೂಜೆಗೆ ಅದೂ ಹೊಳೆಯಲಿ ಎಂದು ರಿವಾಲ್ವರಿನ ಪಟ್ಟಿಯನ್ನೂ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಚೆನ್ನಾಗಿ ತಿಕ್ಕಿದೆ.

ತಾತ ಎದ್ದು ಬಂದು ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೆ ಆಡಿಸಿದರು.

"ಎಂಗೆ ಹೊಳೀತೈತೆ ನೋಡು ತಾತ!" ಎಂದೆ.

"ಹೂಂ ಪಾಪ, ಬಂಗಾರದಂಗೈತೆ," ಎಂದು, ಮೊದಲು ಅಕ್ಷರಗಳಿದ್ದ ನುಣುಪು ಜಾಗಕ್ಕೆ ಕುಂಕುಮ ಇಟ್ಟರು.

ಮರುದಿನ ಮಧ್ಯಾಹ್ನ ಭೂತಗನ್ನಡಿ ಹಿಡಿದು ಅವರ ಕೋಣೆಗೆ ಹೋದೆ.

"ಆಚೆ ಹೋಗಿ ಆಡ್ಕೋ ಪಾಪ," ಎಂದರು.

ಅಲ್ಲಿಯವರೆಗೆ ತಾತ ನನ್ನನ್ನು ಆಡಲು ಕಳಿಸಿದ್ದೇ ಇಲ್ಲ.