ಇಂಚರಳ ಎರಡು ವರ್ಷ

ಈಗಿನ ಮಕ್ಕಳ ನೆನಪು ನಿದ್ದೆಯಲ್ಲಿ ಅಳಿಸಿಹೋಗುತ್ತದೆ. ಬೆಳಿಗ್ಗೆ ಕಿವಿಗೆ ಕ್ಲಿಪ್ ಸಿಕ್ಕಿಸಿದರೆ ವಾರ್ಡ್ ಕಚೇರಿಯ ಸರ್ವರ್‌ನಿಂದ ಎಲ್ಲವೂ ಮರಳಿ ಬರುತ್ತದೆ. ಇವತ್ತು ನನ್ನ ಎಂಟು ವರ್ಷದ ಇಂಚರ ಕ್ಲಿಪ್ ಹಾಕಿಕೊಂಡು ತಮ್ಮನನ್ನು ನೋಡಿ, "ಅಮ್ಮಾ, ಈ ಪಾಪು ಯಾರ ಮನೇದು?" ಎಂದಳು.

ಒಲೆ ಆರಿಸಿ ಇಬ್ಬರನ್ನೂ ಕರೆದುಕೊಂಡು ಕಚೇರಿಗೆ ಓಡಿದೆ. ಸರ್ವರ್ ನೋಡಿಕೊಳ್ಳುವ ಓಂಕಾರಯ್ಯ ಟೀ ಕುಡಿಯುತ್ತಿದ್ದರು.

"ಡಿಸ್ಕ್ ಹೋಯ್ತಮ್ಮಾ. ಬ್ಯಾಕಪ್ ತೆಗೆದ್ರೆ, ಎರಡು ವರ್ಷದಿಂದ ಬರೀ ಖಾಲಿ ಫೈಲು. ಅದಕ್ಕೂ ಹಿಂದಿನದನ್ನೇ ಹಾಕಿದೀನಿ."

"ಎರಡು ವರ್ಷದಲ್ಲಿ ಒಂದ್ಸಲನಾದ್ರೂ ತೆರೆದು ನೋಡಿದ್ರಾ?"

"ದಿನಾ ಬ್ಯಾಕಪ್ ಆಯ್ತು ಅಂತ ಹಸಿರು ಟಿಕ್ ಬರ್ತಿತ್ತಲ್ಲಮ್ಮಾ."

ನನ್ನ ಮೈಯೆಲ್ಲ ಉರಿಯಿತು. ಕಚೇರಿಯಲ್ಲಿರುವ ಅದೇ ಡೇಟಾಬೇಸ್ ತಂತ್ರಾಂಶವನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಹಾಕಿಕೊಂಡು ಸರ್ವರ್‌ಗೆ ಜೋಡಿಸಿಕೊಳ್ಳಬಹುದು. ನಮ್ಮ ಅಡುಗೆಮನೆಯ ಹಳೇ ಕಂಪ್ಯೂಟರಿನಲ್ಲೂ ಅದಿದೆ. ಇಡೀ ವಾರ್ಡಿನ ಮಕ್ಕಳ ಪ್ರತಿ ದಿನದ ನೆನಪಿನ ನಕಲೂ ಅಲ್ಲಿಗೆ ಬಂದು ಸೇರುತ್ತದೆ. ಪ್ರತಿ ಭಾನುವಾರ ಇಡ್ಲಿ ಬೇಯುವಷ್ಟರಲ್ಲಿ ಅದನ್ನು ಬೇರೆ ಲ್ಯಾಪ್‌ಟಾಪಿಗೆ ಇಳಿಸಿ, ಸರಿಯಾಗಿ ತೆರೆಯುತ್ತದೆಯೇ ಎಂದು ನೋಡುತ್ತೇನೆ.

ಬರುವಾಗ ಆ ಕಂಪ್ಯೂಟರಿನಿಂದ ಬಿಚ್ಚಿ ತಂದಿದ್ದ ಹಾರ್ಡ್‌ಡಿಸ್ಕನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ.

"ಮನೆ ಕಂಪ್ಯೂಟರಿಂದು ನಡೆಯಲ್ಲಮ್ಮಾ. ಮೇಲಿನವರ ಪರ್ಮಿಷನ್ ಬೇಕು. ಸೋಮವಾರ ಬನ್ನಿ."

"ಸೋಮವಾರದವರೆಗೆ ಇವಳಿಗೆ ತಮ್ಮ ಇಲ್ವಾ? ಏಳ್ರೀ ಮೇಲೆ!"

ಅವರು ಎದ್ದರು. ನಾನು ಅವರ ಕುರ್ಚಿಯಲ್ಲಿ ಕೂತು ಡಿಸ್ಕ್ ಜೋಡಿಸಿದೆ. ಇಪ್ಪತ್ತು ನಿಮಿಷವಾದ ಮೇಲೆ ಇಂಚರ ಪಾಪುವಿನ ಮೂಗು ಒರೆಸಿ, "ಇವನಿಗೆ ಟೋಪಿ ಯಾಕೆ ಹಾಕಿಲ್ಲ?" ಎಂದು ನನ್ನನ್ನೇ ಗದರಿದಳು.

"ಸರಿಹೋಯ್ತಲ್ಲಮ್ಮಾ, ಇನ್ನು ಏಳಿ," ಎಂದರು ಓಂಕಾರಯ್ಯ.

"ಹೊರಗೆ ಇವಳ ಹಾಗೇ ಎರಡು ವರ್ಷ ಮರೆತ ಮುನ್ನೂರು ಮಕ್ಕಳು ಬಂದು ನಿಂತಿದಾರೆ," ಎಂದೆ. "ಹೋಗಿ ಒಬ್ಬೊಬ್ಬರನ್ನೇ ಕರ್ಕೊಂಡು ಬನ್ನಿ."