ಭಾಗವಾಗದ ನಂಬರ್

ಅಳಿಯನ ಮೊಬೈಲ್ ನಂಬರ್ ಬೇರಾವ ಸಂಖ್ಯೆಯಿಂದಲೂ ಭಾಗವಾಗಬಾರದು, ಭಾಗವಾದರೆ ಮನೆಯೂ ಪಾಲಾಗುತ್ತದೆ ಎಂದು ಸಂಖ್ಯಾಶಾಸ್ತ್ರದವರೊಬ್ಬರು ಹುಡುಗಿಯ ಅಪ್ಪನ ತಲೆಗೆ ತುಂಬಿದ್ದರು. ಮೊದಲು ಬಂದ ವರನ ನಂಬರ್ ಎರಡರಿಂದ, ಆಮೇಲೆ ಬಂದವನದು ಐದರಿಂದ ಭಾಗವಾಗಿ, ಇಬ್ಬರೂ ಉಪ್ಪಿಟ್ಟು ತಿಂದು ವಾಪಸಾಗಿದ್ದರು.

ಈ ಹುಡುಗನ ನಂಬರ್ ಏಳರಲ್ಲಿ ಮುಗಿಯುತ್ತಿತ್ತು.

“ನಮ್ಮ ಹುಡುಗಿ ಗಣಿತದಲ್ಲಿ ಚಿನ್ನದ ಪದಕ ತಗೊಂಡವಳು. ಇಬ್ರೂ ಕೂತು ಭಾಗಿಸಿ ನೋಡ್ರಪ್ಪಾ. ಕಂಪ್ಯೂಟರ್ ಗಿಂಪ್ಯೂಟರ್ ನಾನು ನಂಬಲ್ಲ, ಕೈಯಲ್ಲೇ ಆಗ್ಬೇಕು,” ಎಂದರು ಅಪ್ಪ.

ಹುಡುಗ ಮನಸ್ಸಿನಲ್ಲೇ ಅಂಕಿಗಳನ್ನು ಕೂಡಿದ. ನಲವತ್ತೆಂಟು! ಮೊತ್ತ ಮೂರರಿಂದ ಭಾಗವಾದರೆ ಸಂಖ್ಯೆಯೂ ಆಗುತ್ತದೆಂದು ಹೈಸ್ಕೂಲಿನಲ್ಲೇ ಕಲಿತಿದ್ದ. ಎದುರಿಗೆ ಕೂತವಳು ಆಗಲೇ ತುಂಬ ಹಿಡಿಸಿಬಿಟ್ಟಿದ್ದಳು.

“ಏಳರಿಂದ ಶುರು ಮಾಡೋಣ್ವಾ?” ಎಂದ.

“ಆಗ್ಲಿ. ವರ್ಗಮೂಲದ ತನಕ, ಅಂದ್ರೆ ಒಂದು ಲಕ್ಷದ ತನಕ ನೋಡಿದ್ರೆ ಸಾಕು,” ಎಂದಳು.

ಭಾನುವಾರ ಬಂತೆಂದರೆ ಭಾಗಾಕಾರ. ಹನ್ನೊಂದಾಯಿತು, ಹದಿಮೂರಾಯಿತು, ಸಾವಿರ ದಾಟಿತು. ಉಪ್ಪಿಟ್ಟು ಹೋಗಿ ಹೋಳಿಗೆ ಬಂತು. ಎಲ್ಲಿ ಅವಳಿಗೆ ಮೂರು ನೆನಪಾಗುತ್ತದೋ ಎಂದು ಹೆದರಿ ಅವನು ಎರಡೇ ಹೋಳಿಗೆಗೆ ಕೈ ತೊಳೆಯುತ್ತಿದ್ದ.

ಕೊನೆಗೂ ಲಕ್ಷ ಮುಟ್ಟಿತು. ಅಪ್ಪ ಬಂದು ನಿಂತರು.

“ಯಾವುದರಿಂದ್ಲೂ ಆಗ್ಲಿಲ್ವಾ?”

“ಇಲ್ಲಪ್ಪಾ.”

“ಮೂರರಿಂದ ನೋಡಿದ್ರೇನಮ್ಮಾ?”

ಹುಡುಗನ ಕೈಯಲ್ಲಿದ್ದ ಪೆನ್ನು ಜಾರಿ ಬಿತ್ತು.

“ಅದನ್ನ ಮೊದಲನೇ ದಿನ, ಇವರು ನಂಬರ್ ಹೇಳ್ತಿದ್ದ ಹಾಗೇ ನೋಡ್ಬಿಟ್ಟೆ,” ಎಂದಳು ಚಿನ್ನದ ಪದಕದ ಹುಡುಗಿ. “ಭಾಗ ಆಗಲ್ಲಪ್ಪಾ.”